ಮೊದಲು ರಾತ್ರಿ ಎಲ್ಲಿ ಅಂತ ಬರೆಯಿರಿ

ಗೆಳೆಯನೊಬ್ಬ ಹೋದ ವಾರ ಒಂದು ಎಕ್ಸೆಲ್ ಶೀಟ್ ಕಳಿಸಿದ್ದ. ಜುಲೈ ತಿಂಗಳಲ್ಲಿ ಕೆನಡಾದ ರಾಕಿ ಪರ್ವತಗಳಿಗೆ ಮೋಟರ್‌ಹೋಮ್‌ನಲ್ಲಿ ಹೋಗುವ ಯೋಜನೆ. ಹಾಸಿಗೆ, ಒಲೆ, ಶೌಚ ಎಲ್ಲ ಒಳಗೇ ಇರುವ ಗಾಡಿ ಅದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜತೆಗೆ ಅವನ ಅಪ್ಪ ಅಮ್ಮ. ಒಂಬತ್ತು ದಿನ, ಹತ್ತೊಂಬತ್ತು ಜಾಗ. ಪ್ರತಿ ಸರೋವರಕ್ಕೂ ಒಂದು ಟೈಮ್, ಪ್ರತಿ ಜಲಪಾತಕ್ಕೂ ಒಂದು ಟೈಮ್. ಕೊನೆಯ ಕಾಲಂ ‘ರಾತ್ರಿ ಎಲ್ಲಿ’. ಅದು ಮಾತ್ರ ಖಾಲಿ. “ಮನೆಯೇ ನಮ್ಮ ಜತೆ ಬರುತ್ತಲ್ವಾ, ಎಲ್ಲಿ ಕತ್ತಲಾಗುತ್ತೋ ಅಲ್ಲೇ ನಿಲ್ಲಿಸಿದ್ರಾಯ್ತು” ಅಂತ ಕೆಳಗೆ ಬರೆದಿದ್ದ.

ಅದನ್ನು ಓದಿ ನನಗೆ ನಮ್ಮ ಮೊದಲ ಪ್ರವಾಸ ನೆನಪಾಯಿತು. ನಾವೂ ಹೀಗೇ ಅಂದುಕೊಂಡಿದ್ದೆವು. ಅದಕ್ಕೇ ಅವನಿಗೆ ಉದ್ದವಾಗಿ ಉತ್ತರ ಬರೆದೆ. ಇನ್ನೂ ಕೆಲವರಿಗೆ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಮಾತು: ರಾಷ್ಟ್ರೀಯ ಉದ್ಯಾನದೊಳಗೆ ಕತ್ತಲಾದಲ್ಲಿ ನಿಲ್ಲಿಸಿ ಮಲಗುವ ಹಾಗಿಲ್ಲ. ರಸ್ತೆ ಬದಿಯಲ್ಲಿ ಇಲ್ಲ, ವ್ಯೂಪಾಯಿಂಟ್‌ನಲ್ಲಿ ಇಲ್ಲ, ನಡಿಗೆ ದಾರಿ ಶುರುವಾಗುವ ಕಡೆಯ ಪಾರ್ಕಿಂಗ್‌ನಲ್ಲೂ ಇಲ್ಲ. ಕ್ಯಾಂಪ್‌ಗ್ರೌಂಡ್‌ನಲ್ಲಿ ಜಾಗ ಹಿಡಿದೇ ಉಳಿಯಬೇಕು. ಆ ಜಾಗಗಳ ಬುಕಿಂಗ್ ಅನ್ನು, ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾ ಬೇಸಿಗೆಗೆ ಎಷ್ಟೋ ತಿಂಗಳು ಮುಂಚೆ, ವರ್ಷದ ಆರಂಭದಲ್ಲೇ ತೆರೆಯುತ್ತದೆ. ಒಂದೊಂದು ಉದ್ಯಾನಕ್ಕೆ ಒಂದೊಂದು ದಿನ. ಬ್ಯಾನ್ಫ್, ಜಾಸ್ಪರ್‌ಗಳಲ್ಲಿ ಜುಲೈ, ಆಗಸ್ಟ್ ತಿಂಗಳ ಶನಿವಾರ, ಭಾನುವಾರಗಳು ಬೇಗ ಮುಗಿದುಹೋಗುತ್ತವೆ. ವಿಮಾನದ ಟಿಕೆಟ್ ತೆಗೆದು, ಗಾಡಿ ಬುಕ್ ಮಾಡಿ, ಆಮೇಲೆ ಕ್ಯಾಂಪ್‌ಗ್ರೌಂಡ್ ನೋಡಿದರೆ ಆಗುವ ಸಂಕಟ ಇದೆಯಲ್ಲ, ಅದು ಯಾರಿಗೂ ಬೇಡ. ಕೆಲವು ಸಣ್ಣ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಮೊದಲು ಬಂದವರಿಗೆ ಜಾಗ ಕೊಡುತ್ತಾರೆ, ನಿಜ. ಆದರೆ ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಅದನ್ನೇ ನಂಬಿ ಹೋಗಬೇಡಿ.

ಹಾಗಾಗಿ ಶೀಟ್‌ನ ಆ ಕೊನೆಯ ಕಾಲಂ ಅನ್ನು ಮೊದಲನೆಯದು ಮಾಡಿಕೊಳ್ಳಿ. ರಾತ್ರಿಗಳು ಗೊತ್ತಾದ ಮೇಲೆ ಹಗಲು ತಾನಾಗಿ ಕೂರುತ್ತದೆ.

ನಮ್ಮ ಮೊದಲ ಸಲದ ಕತೆ ಹೇಳುತ್ತೇನೆ. ಒಂಬತ್ತು ಮೀಟರ್ ಉದ್ದದ ಗಾಡಿ. ಡ್ರೈವರ್ ತಲೆ ಮೇಲೆ ಹಾಸಿಗೆ ಇರುತ್ತದಲ್ಲ, ಆ ಕ್ಲಾಸ್ ಸಿ ಅನ್ನುವ ಬಗೆ. ದೊಡ್ಡದಿದ್ದರೆ ಆರಾಮ ಅಂದುಕೊಂಡೆವು. ಆರು ರಾತ್ರಿ, ಆರು ಊರು. ಬೆಳಗ್ಗೆ ಎದ್ದರೆ ಕರೆಂಟ್ ಕೇಬಲ್ ಬಿಚ್ಚು, ನೀರಿನ ಹೋಸ್ ಬಿಚ್ಚು, ಪಾತ್ರೆ ಎಲ್ಲ ಕಪಾಟಿಗೆ ತುಂಬಿ ಬಾಗಿಲು ಬಿಗಿ ಮಾಡು, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಲು ಸಾಲಿನಲ್ಲಿ ನಿಲ್ಲು. ಹೊರಡುವ ಹೊತ್ತಿಗೆ ಹತ್ತೂವರೆ. ಅಷ್ಟರಲ್ಲಿ ಎಲ್ಲ ಪಾರ್ಕಿಂಗ್ ತುಂಬಿರುತ್ತಿತ್ತು. ಅಮ್ಮ ನೋಡಬೇಕು ಅಂತ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದ ಒಂದು ಸರೋವರದ ಮುಂದೆ ಎರಡು ಸಲ ಹೋದೆವು. ಎರಡು ಸಲವೂ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಮೂರನೇ ಸಲ ತಿರುಗಿಸಲು ನನಗೆ ಶಕ್ತಿ ಇರಲಿಲ್ಲ. ನಾಲ್ಕನೇ ದಿನ ಅಮ್ಮ ಮೆಲ್ಲಗೆ, “ದಿನಾ ಮನೆ ಬದಲಾಯಿಸಿದ ಹಾಗೆ ಆಯ್ತಲ್ಲೋ” ಅಂದರು. ದೂರಲಿಲ್ಲ, ಸುಮ್ನೆ ಅಂದರು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಎರಡನೇ ಸಲ ಹೋಗಿದ್ದು 2023ರಲ್ಲಿ. ಸುಮಾರು ಏಳು ಮೀಟರ್ ಗಾಡಿ. ಬ್ಯಾನ್ಫ್ ಊರಿನ ಪಕ್ಕದ ಟನಲ್ ಮೌಂಟನ್‌ನಲ್ಲಿ ಮೂರು ರಾತ್ರಿ, ಲೇಕ್ ಲೂಯಿಸ್‌ನಲ್ಲಿ ಮೂರು, ಜಾಸ್ಪರ್‌ನಲ್ಲಿ ಮೂರು. ಒಂಬತ್ತು ರಾತ್ರಿಗೆ ಮೂರೇ ಜಾಗ. ಮನೆ ಬಿಚ್ಚಿ ಕಟ್ಟುವ ಕೆಲಸ ಎರಡೇ ಸಲ. ಇದರಿಂದ ನೋಡುವುದು ಕಡಿಮೆ ಆಗುತ್ತದೆ ಅಂದುಕೊಳ್ಳಬೇಡಿ. ಜಾಸ್ತಿಯೇ ನೋಡಿದೆವು.

ಹೇಗೆ ಅಂದರೆ, ಗಾಡಿಯನ್ನು ಅದರ ಪಾಡಿಗೆ ಬಿಟ್ಟೆವು. ಟನಲ್ ಮೌಂಟನ್ ಕ್ಯಾಂಪ್‌ಗ್ರೌಂಡ್‌ನಿಂದ ಬ್ಯಾನ್ಫ್ ಪೇಟೆಗೆ ರೋಮ್ ಅನ್ನುವ ಊರ ಬಸ್ಸು ಓಡುತ್ತದೆ. ಹತ್ತಿ ಕೂತರೆ ಪಾರ್ಕಿಂಗ್ ಚಿಂತೆ ಇಲ್ಲ. ಮೊರೇನ್ ಲೇಕ್‌ಗೆ ಅಂತೂ ಆ ವರ್ಷದಿಂದ ಸ್ವಂತ ವಾಹನ ಬಿಡುವುದನ್ನೇ ನಿಲ್ಲಿಸಿದ್ದಾರೆ, ಕಾರೂ ಇಲ್ಲ, ಮೋಟರ್‌ಹೋಮೂ ಇಲ್ಲ. ಪಾರ್ಕ್ಸ್ ಕೆನಡಾದ ಶಟಲ್ ಬಸ್ ಬುಕ್ ಮಾಡಬೇಕು. ಅದರಲ್ಲಿ ಒಂದು ಪಾಲು ಸೀಟು ವಸಂತದಲ್ಲೇ ಬಿಡುತ್ತಾರೆ, ಉಳಿದದ್ದನ್ನು ಎರಡು ದಿನ ಮುಂಚೆ ಬೆಳಗ್ಗೆ ಎಂಟಕ್ಕೆ. ಫೋನ್ ಹಿಡಿದು ಕಾದಿದ್ದರೆ ಸಿಗುತ್ತದೆ, ನಮಗೆ ಸಿಕ್ಕಿತು. ಈ ನಿಯಮದ ಬಗ್ಗೆ ಬೈಯುವವರನ್ನು ನೋಡಿದ್ದೇನೆ. ನಾನು ಅದರ ಪರ. ಅಷ್ಟು ಇಕ್ಕಟ್ಟಾದ ಕಣಿವೆ ಅದು. ಸಾವಿರಾರು ಕಾರು ಬಂದರೆ ಕೊನೆಗೆ ಉಳಿಯುವುದು ಹೊಗೆ ಮತ್ತು ಹಾರ್ನ್ ಅಷ್ಟೇ.

ಗಾಡಿಯ ಉದ್ದದ ಮಾತು ಮುಗಿಸಿಬಿಡುತ್ತೇನೆ. ಬಾಡಿಗೆ ಪುಟದಲ್ಲಿ ಒಳಗಿನ ಸೋಫಾ ನೋಡಿ ಮರುಳಾಗಬೇಡಿ. ಕ್ಯಾಂಪ್‌ಗ್ರೌಂಡ್‌ನ ಪ್ರತಿ ಜಾಗಕ್ಕೂ ಇಷ್ಟೇ ಉದ್ದದ ಗಾಡಿ ಅಂತ ಮಿತಿ ಇರುತ್ತದೆ. ಚಿಕ್ಕ ಗಾಡಿಯಾದರೆ ಆಯ್ಕೆ ಜಾಸ್ತಿ. ರಸ್ತೆಗಳಿಗೂ ಹಾಗೇ. ಯೋಹೋ ಉದ್ಯಾನದಲ್ಲಿ ಟಕಕ್ಕಾ ಜಲಪಾತಕ್ಕೆ ಹೋಗುವ ರಸ್ತೆಯ ತಿರುವುಗಳು ಎಷ್ಟು ಇಕ್ಕಟ್ಟು ಅಂದರೆ, ಬಸ್ಸುಗಳು ಒಂದು ತುಂಡು ದಾರಿಯನ್ನು ರಿವರ್ಸ್‌ನಲ್ಲೇ ದಾಟುತ್ತವೆ. ಟ್ರೇಲರ್ ಎಳೆದುಕೊಂಡು ಹೋಗಲು ಅಲ್ಲಿ ಬಿಡುವುದೇ ಇಲ್ಲ. ಗಡಿ ದಾಟಿ ಅಮೆರಿಕದ ಗ್ಲೇಸಿಯರ್ ಉದ್ಯಾನಕ್ಕೂ ಹೋಗಿಬರೋಣ ಅನ್ನುವವರು ಇನ್ನೊಂದು ಗಮನಿಸಿ. ಅಲ್ಲಿಯ ಪ್ರಸಿದ್ಧ ‘ಗೋಯಿಂಗ್ ಟು ದ ಸನ್’ ರಸ್ತೆಯ ಎತ್ತರದ ಭಾಗಕ್ಕೆ 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲದ ವಾಹನ ಬಿಡುವುದಿಲ್ಲ, ಅಗಲಕ್ಕೆ ಕನ್ನಡಿಯೂ ಲೆಕ್ಕ. ಬಾಡಿಗೆಗೆ ಸಿಗುವ ಹೆಚ್ಚಿನ ಮೋಟರ್‌ಹೋಮ್‌ಗಳು ಇದಕ್ಕಿಂತ ದೊಡ್ಡವು. (ಯೋಹೋ ಅನ್ನುವುದು ಅಲ್ಲಿಯ ಮೂಲನಿವಾಸಿಗಳಾದ ಕ್ರೀ ಜನರ ಮಾತು. ನಾವು ‘ಅಬ್ಬಾ!’ ಅನ್ನುತ್ತೇವಲ್ಲ, ಅದೇ ಉದ್ಗಾರ. ಟಕಕ್ಕಾ ಮುಂದೆ ನಿಂತಾಗ ಆ ಹೆಸರು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ.)

ಇಳಿಜಾರಿನ ಬಗ್ಗೆಯೂ ಅಲ್ಲೇ ಕಲಿತೆ. ಅದೇ ಯೋಹೋದಲ್ಲಿ, ಕಿಕಿಂಗ್ ಹಾರ್ಸ್ ಕಣಿವೆಗೆ 1884ರಲ್ಲಿ ರೈಲು ಹಳಿ ಹಾಕಿದಾಗ ನೂರು ಮೀಟರ್‌ಗೆ ನಾಲ್ಕೂವರೆ ಮೀಟರ್ ಇಳಿಯುವ ದಾರಿ ಮಾಡಿದ್ದರು. ರೈಲುಗಳು ಹಿಡಿತ ತಪ್ಪಿ ಓಡಿದವು, ಜೀವಗಳು ಹೋದವು. ಕೊನೆಗೆ 1909ರಲ್ಲಿ ಬೆಟ್ಟದೊಳಗೆ ಸುರುಳಿ ಸುರಂಗ ಕೊರೆದು ಇಳಿಜಾರನ್ನು ಅರ್ಧಕ್ಕೆ ಇಳಿಸಿದರು. ಇವತ್ತು ರಸ್ತೆ ಪಕ್ಕ ನಿಂತರೆ ಉದ್ದದ ಗೂಡ್ಸ್ ರೈಲಿನ ತಲೆ ಒಂದು ಕಡೆ ಹೊರಗೆ ಬರುತ್ತಿರುತ್ತದೆ, ಬಾಲ ಇನ್ನೂ ಒಳಗೆ ಹೋಗುತ್ತಿರುತ್ತದೆ. ಮಕ್ಕಳನ್ನು ಅಲ್ಲಿ ಖಂಡಿತ ನಿಲ್ಲಿಸಿ. ಮತ್ತೆ ನೀವು ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇರಬೇಡಿ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹಿಂದೆ ಸಾಲು ಬೆಳೆದರೆ ಜಾಗ ನೋಡಿ ಪಕ್ಕಕ್ಕೆ ಸರಿಯಿರಿ.

ಈಗ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನುವ ರಸ್ತೆ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಸುಮಾರು 230 ಕಿಲೋಮೀಟರ್. ಮ್ಯಾಪ್‌ನಲ್ಲಿ ಮೂರು ಗಂಟೆ ತೋರಿಸುತ್ತದೆ. ನನ್ನ ಗೆಳೆಯ ಅದನ್ನೇ ನಂಬಿ ಮಧ್ಯಾಹ್ನ ಇನ್ನೊಂದು ಸರೋವರ ಸೇರಿಸಿದ್ದ. ದಯವಿಟ್ಟು ಇಡೀ ಒಂದು ದಿನ ಕೊಡಿ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ನಡುವೆ ಪೆಟ್ರೋಲ್ ಸಿಗುವುದು ಸಸ್ಕ್ಯಾಚವನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಈ ಗಾಡಿಗಳು ನೂರು ಕಿಲೋಮೀಟರ್‌ಗೆ 25 ಲೀಟರ್ ಹತ್ತಿರ ಕುಡಿಯುತ್ತವೆ. ಕ್ಯಾಲ್ಗರಿಯಿಂದ ಹೊರಟು ಜಾಸ್ಪರ್‌ವರೆಗೆ ಹೋಗಿ ಬರುವುದು, ಅಲ್ಲಿಲ್ಲಿ ಸುತ್ತುವುದು ಸೇರಿ ಸಾವಿರ ಕಿಲೋಮೀಟರ್ ದಾಟುತ್ತದೆ. ಬಾಡಿಗೆಯಲ್ಲಿ ಎಷ್ಟು ಕಿಲೋಮೀಟರ್ ಸೇರಿದೆ, ಜನರೇಟರ್ ಗಂಟೆಗೆ ಬೇರೆ ದುಡ್ಡಾ, ಚಾವಣಿಗೆ ಪೆಟ್ಟಾದರೆ ವಿಮೆ ಕೊಡುತ್ತದಾ, ಈ ಮೂರನ್ನೂ ಕೇಳಿಯೇ ಸಹಿ ಹಾಕಿ.

ಆ ದಾರಿಯಲ್ಲಿ ಅಥಬಾಸ್ಕ ಹಿಮನದಿ ಇದೆ. ರಸ್ತೆಯಿಂದಲೇ ಕಾಣುತ್ತದೆ. ಅಲ್ಲಿ ನಡೆದು ಹೋಗುವ ದಾರಿಯುದ್ದಕ್ಕೂ ಫಲಕಗಳಿವೆ, ಯಾವ ವರ್ಷ ಹಿಮದ ತುದಿ ಎಲ್ಲಿತ್ತು ಅಂತ. ಸುಮಾರು 125 ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದಿದೆ. ಅಮ್ಮ ತಾವು ಹುಟ್ಟಿದ ವರ್ಷಕ್ಕೆ ಹತ್ತಿರದ ಫಲಕ ಹುಡುಕಿ ಅದರ ಪಕ್ಕ ನಿಂತರು. ಅಲ್ಲಿಂದ ಹಿಮ ಇನ್ನೂ ಎಷ್ಟೋ ದೂರ. ನಡುವೆ ಬರೀ ಕಲ್ಲು, ಬೂದು ಮಣ್ಣು. “ನಾನಿನ್ನೂ ಇದ್ದೀನಿ, ಇದು ಅಷ್ಟು ದೂರ ಹೋಗಿಬಿಟ್ಟಿದೆಯಲ್ಲೋ” ಅಂದರು. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆವು. ಮೊದಲ ಪ್ರವಾಸದಲ್ಲಿ ಈ ಜಾಗಕ್ಕೆ ನಾನು ಇಟ್ಟಿದ್ದು ಇಪ್ಪತ್ತು ನಿಮಿಷ.

ಇನ್ನು ಗಾಡಿಯೊಳಗಿನ ಸಂಸಾರ. ಎಲ್ಲ ಕ್ಯಾಂಪ್‌ಗ್ರೌಂಡ್‌ನಲ್ಲೂ ಕರೆಂಟ್ ಇಲ್ಲ. ಇಲ್ಲದ ಕಡೆ ಫ್ರಿಜ್ಜು, ಒಲೆ, ಹೀಟರ್ ಪ್ರೊಪೇನ್ ಗ್ಯಾಸ್‌ನಲ್ಲಿ ನಡೆಯುತ್ತವೆ. ಆದರೆ ಹೀಟರ್‌ನ ಫ್ಯಾನು ಬ್ಯಾಟರಿ ತಿನ್ನುತ್ತದೆ. ಜುಲೈ ಆದರೂ ರಾತ್ರಿ ಸೊನ್ನೆಯ ಹತ್ತಿರ ಇಳಿಯಬಹುದು. ನಾವು ಒಂದು ರಾತ್ರಿ ದೀಪ, ಫೋನ್ ಚಾರ್ಜು ಅಂತ ಬ್ಯಾಟರಿ ಮುಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಚಳಿಯಲ್ಲಿ ಎದ್ದು ಕೂತೆವು. ಜನರೇಟರ್ ಹಾಕಲು ಹೊತ್ತಿನ ಮಿತಿ ಇದೆ, ಅದು ಸರಿಯೇ, ಪಕ್ಕದವರೂ ಮಲಗಬೇಕಲ್ಲ. ವಯಸ್ಸಾದವರಿದ್ದರೆ ಕರೆಂಟ್ ಇರುವ ಜಾಗವನ್ನೇ ಹುಡುಕಿ. ಟ್ಯಾಂಕ್ ಖಾಲಿ ಮಾಡುವಾಗ ಮೊದಲು ಶೌಚದ್ದು, ಆಮೇಲೆ ಪಾತ್ರೆ ತೊಳೆದ ನೀರಿನದು. ಆ ನೀರೇ ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಬಾಡಿಗೆ ಕೊಡುವವರು ಹತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಮುಗಿಸುತ್ತಾರೆ, ವಿಡಿಯೋ ಮಾಡಿಟ್ಟುಕೊಳ್ಳಿ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ನಾನು ಯಾರ ಜತೆಗೂ ರಾಜಿ ಆಗುವುದಿಲ್ಲ. ಲೇಕ್ ಲೂಯಿಸ್‌ನಲ್ಲಿ ಟೆಂಟ್ ಹಾಕುವವರ ಜಾಗಕ್ಕೆ ಕರಡಿಗಳಿಗಾಗಿ ವಿದ್ಯುತ್ ಬೇಲಿ ಇದೆ. ಮೋಟರ್‌ಹೋಮ್‌ನಂಥ ಗಟ್ಟಿ ಗೋಡೆಯ ಗಾಡಿಗಳ ಜಾಗ ಬೇರೆ. ನಮ್ಮದು ಗಟ್ಟಿ ಗೋಡೆ ಅಂತ ಮೈಮರೆಯಬಾರದು. ಹೊರಗಿನ ಮೇಜಿನ ಮೇಲೆ ಪಾತ್ರೆ, ಐಸ್‌ಬಾಕ್ಸ್, ಸೋಪು, ನಾಯಿಯ ತಟ್ಟೆ, ಯಾವುದನ್ನೂ ಬಿಡಬಾರದು. ಐದು ನಿಮಿಷಕ್ಕೂ ಬಿಡಬಾರದು. ಜನರ ಊಟದ ರುಚಿ ಹತ್ತಿದ ಕರಡಿಯನ್ನು ಎಷ್ಟೋ ಸಲ ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ತಪ್ಪು ನಮ್ಮದು, ಜೀವ ಅದರದ್ದು. ಕರಡಿ, ತೋಳಗಳಿಂದ 100 ಮೀಟರ್, ಎಲ್ಕ್, ಜಿಂಕೆಗಳಿಂದ 30 ಮೀಟರ್ ದೂರ ಇರಬೇಕು ಅನ್ನುವುದು ಅಲ್ಲಿಯ ನಿಯಮ. ಬ್ಯಾನ್ಫ್‌ನಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳು ದಾಟಲೆಂದೇ ಮೇಲ್ಸೇತುವೆ, ಕೆಳದಾರಿಗಳನ್ನು ಕಟ್ಟಿದ್ದಾರೆ. ಸೇತುವೆ ಮೇಲೆ ಮರ, ಹುಲ್ಲು ಬೆಳೆಸಿದ್ದಾರೆ. ವಾಹನಕ್ಕೆ ಸಿಕ್ಕಿ ಸಾಯುವುದು ಶೇಕಡ 80ಕ್ಕೂ ಹೆಚ್ಚು ಇಳಿದಿದೆ. ಒಂದು ದೇಶ ಪ್ರಾಣಿಗಳಿಗಾಗಿ ಇಷ್ಟು ಮಾಡಿದ ಮೇಲೆ, ಫೋಟೋಗಾಗಿ ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ ಇಳಿದು ಓಡುವುದು ಎಷ್ಟು ಸರಿ?

ಬೆಂಕಿಯ ಮಾತೂ ಹೇಳಲೇಬೇಕು. ಜಾಸ್ಪರ್‌ನಲ್ಲಿ ನಾವು ಉಳಿದಿದ್ದು ವಿಸ್ಲರ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ. ಮರುವರ್ಷ, 2024ರ ಜುಲೈನಲ್ಲಿ, ಕಾಳ್ಗಿಚ್ಚು ಬಂದು ಜಾಸ್ಪರ್ ಊರಿನ ಕಟ್ಟಡಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸುಟ್ಟುಹೋಯಿತು. ಊರವರು, ಪ್ರವಾಸಿಗರು ಸೇರಿ ಸುಮಾರು 25,000 ಜನ ರಾತ್ರೋರಾತ್ರಿ ಹೊರಟರು. ಪಶ್ಚಿಮಕ್ಕೆ, ಬ್ರಿಟಿಷ್ ಕೊಲಂಬಿಯಾ ಕಡೆಗೆ ಹೋಗುವ ಒಂದೇ ದಾರಿ ಉಳಿದಿತ್ತು. ಆ ಸುದ್ದಿ ನೋಡುತ್ತಾ ನಾನು ಯೋಚಿಸಿದ್ದು, ಆ ರಾತ್ರಿ ನಾವು ಅಲ್ಲಿದ್ದಿದ್ದರೆ ನಮ್ಮ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಇರುತ್ತಿತ್ತು ಅಂತ. ಅಂದಿನಿಂದ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಕ್ಯಾಂಪ್‌ಫೈರ್ ಬೇಡ ಅಂತ ಹೇಳಿದ ದಿನ ಬೇಡ ಅಷ್ಟೇ, ಮಕ್ಕಳು ಎಷ್ಟು ಕೇಳಿದರೂ. ಹೊರಗಿನಿಂದ ಸೌದೆಯನ್ನೂ ಒಯ್ಯಬೇಡಿ, ಅದರ ಜತೆ ಮರ ಕೊಲ್ಲುವ ಹುಳ ಹೋಗುತ್ತದೆ. ಜಾಸ್ಪರ್‌ಗೆ ಈಗ ಹೋಗಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಹೋಗಿ, ಎರಡು ರಾತ್ರಿ ಉಳಿಯಿರಿ, ಅಲ್ಲೇ ದಿನಸಿ ಕೊಳ್ಳಿ. ಆ ಊರು ಮತ್ತೆ ಎದ್ದು ನಿಲ್ಲುತ್ತಿದೆ.

ಯಾವಾಗ ಹೋಗುವುದು? ಸರೋವರಗಳಿಗೆ ಆ ಹಸಿರು ನೀಲಿ ಬರುವುದು ಹಿಮನದಿ ಅರೆದ ಕಲ್ಲಿನ ನುಣ್ಣನೆಯ ಪುಡಿಯಿಂದ. ಕರಗಿದ ನೀರು ಅದನ್ನು ಹೊತ್ತು ತಂದ ಮೇಲೇ ಬಣ್ಣ. ಮೇ ತಿಂಗಳಲ್ಲಿ ಎತ್ತರದ ಸರೋವರಗಳಲ್ಲಿ ಇನ್ನೂ ಮಂಜುಗಡ್ಡೆ ಇರುತ್ತದೆ. ಮಕ್ಕಳ ರಜೆ ನೋಡಬೇಕಾದವರಿಗೆ ಜುಲೈ, ಆಗಸ್ಟ್ ಬಿಟ್ಟು ಬೇರೆ ದಾರಿ ಇಲ್ಲ. ಉಳಿದವರು ಸೆಪ್ಟೆಂಬರ್ ಮೂರನೇ ವಾರ ನೋಡಿ. ಲಾರ್ಚ್ ಮರಗಳ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತಿರುತ್ತದೆ. ಹಗಲು ಬಿಸಿಲು ಹಿತ, ಆದರೆ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಮಲಗುವ ಮೊದಲು ಹೋಸ್ ಬಿಚ್ಚಿ ನೀರು ಸುರಿದು ಒಳಗಿಟ್ಟುಕೊಳ್ಳಿ.