ಯಾವುದನ್ನ ಬಿಡ್ತೀರಿ ಅಂತ ಯಾರೂ ಹೇಳಲಿಲ್ಲ

ಮಧ್ಯಾಹ್ನವೆಲ್ಲಾ ಒಂದು ಸಭೆಯಲ್ಲಿ ಕೂತು ಈಗಷ್ಟೇ ಮನೆಗೆ ಬಂದಿದ್ದೀನಿ. ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ವಿಶ್ವವಿದ್ಯಾಲಯದ ಮುಂದಿನ ವರ್ಷಗಳ ಯೋಜನೆಗೆ ಆದ್ಯತೆಗಳನ್ನ ಗೊತ್ತು ಮಾಡೋ ಸಭೆ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಬೇರೆ ಜಿಲ್ಲೆಗಳಲ್ಲಿ ಪಾಠ ಮಾಡೋ ಗೆಳತಿಯರು ಹೇಳೋದು ಕೇಳಿದರೆ ಅಲ್ಲೂ ಇದೇ ಕಥೆ.

ಪರದೆ ಮೇಲೆ ಪಟ್ಟಿ ಬಂತು. ಕೃತಕ ಬುದ್ಧಿಮತ್ತೆ ಕೇಂದ್ರ, ಸ್ಟಾರ್ಟಪ್ ಕೇಂದ್ರ, ವಿದೇಶಿ ವಿಶ್ವವಿದ್ಯಾಲಯಗಳ ಜತೆ ಒಡಂಬಡಿಕೆ, ಡ್ರೋನ್ ತರಬೇತಿ, ಪೇಟೆಂಟು, ರ‍್ಯಾಂಕಿಂಗು, ಹಸಿರು ಕ್ಯಾಂಪಸ್, ಬಯಲು ರಂಗಮಂದಿರ, ಸಂಶೋಧನಾ ಉತ್ಕೃಷ್ಟತಾ ಕೇಂದ್ರ. ಇನ್ನೂ ಇತ್ತು. ಒಂದೊಂದೂ ಒಳ್ಳೇದೇ, ಯಾವುದನ್ನೂ ಬೇಡ ಅನ್ನೋ ಹಾಗಿಲ್ಲ. ನನ್ನ ತಕರಾರೇ ಅದು. ಎಲ್ಲಾ ಮೊದಲು ಅಂದ ಮೇಲೆ ಯಾವುದು ಮೊದಲು? ದುಡ್ಡು ಎಲ್ಲಿಂದ, ಯಾರು ಮಾಡ್ತಾರೆ, ಯಾವುದಕ್ಕೆ ಕತ್ತರಿ? ನೂರು ರೂಪಾಯಿ ಹಿಡ್ಕೊಂಡು ಸಂತೆಗೆ ಹೋಗೋ ಹೆಂಗಸು ಬಾಗಿಲು ದಾಟೋ ಮುಂಚೆನೇ ಇದನ್ನ ಲೆಕ್ಕ ಹಾಕಿರ್ತಾಳೆ.

ನಾನು ಎದ್ದು ನಿಂತು ಕೇಳಿದೆ: "ಸರ್, ಇದರಲ್ಲಿ ಮುಂದಿನ ಐದು ವರ್ಷ ಯಾವುದನ್ನ ಕೈಬಿಡ್ತೀವಿ?"

"ಕೈಬಿಡೋದು ಯಾಕೆ ಮೇಡಂ? ಹಂತ ಹಂತವಾಗಿ ಎಲ್ಲಾ ಮಾಡೋಣ" ಅಂದರು ಸಭೆ ನಡೆಸ್ತಿದ್ದವರು. ಅಷ್ಟೊತ್ತಿಗೆ ಟೀ ಬಂತು.

ಹಂತ ಹಂತವಾಗಿ ಅಂದರೆ ಏನಾಗುತ್ತೆ ಅಂತ ನನ್ನ ಲ್ಯಾಬಿನಿಂದ ಹೇಳ್ತೀನಿ. ನಾನು ಕೆಮಿಸ್ಟ್ರಿ ಹೇಳಿಕೊಡೋದು ನಿಮಗೆ ಗೊತ್ತು. ಹೋದ ವರ್ಷ ಎಂಎಸ್ಸಿ ಮಕ್ಕಳಿಗೆ "ನಿಮ್ಮೂರಿನ ಬೋರ್‌ವೆಲ್ ನೀರು ತನ್ನಿ" ಅಂದಿದ್ದೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು ಕಡೆಯಿಂದ ಹಳೇ ಬಿಸ್ಲೇರಿ ಬಾಟಲಿಗಳಲ್ಲಿ, ಔಷಧಿ ಸೀಸೆಗಳಲ್ಲಿ ನೀರು ಬಂತು. ಮೇಲೆ ಬಿಳಿ ಪಟ್ಟಿ ಅಂಟಿಸಿ ಊರಿನ ಹೆಸರು ಬರೆದಿದ್ದರು. ಫ್ಲೋರೈಡ್ ಅಳೆಯೋಕೆ ಸ್ಪಾಡ್ನ್ಸ್ ಅಂತ ಒಂದು ಕೆಂಪು ದ್ರಾವಣ ಹಾಕ್ತೀವಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ತಿಳಿಯಾಗುತ್ತಾ ಹೋಗುತ್ತೆ. ತನ್ನೂರಿನ ಬಾಟಲಿಯ ನೀರಿಗೆ ಹಾಕಿದಾಗ ಬಣ್ಣ ಇಳಿದಿದ್ದು ನೋಡಿ ಒಬ್ಬ ಹುಡುಗಿ ಕೇಳಿದಳು, "ಮೇಡಂ, ನಮ್ಮಜ್ಜಿ ಮಂಡಿ ಹಿಡ್ಕೊಂಡಿರೋದು ಇದಕ್ಕೇನಾ?"

ಮಂಡಿ ನೋವಿಗೆ ನೂರು ಕಾರಣ ಇರಬಹುದು ಅಂದೆ. ಆದರೆ ಫ್ಲೋರೈಡ್ ಹೆಚ್ಚಾದರೆ ಹಲ್ಲು, ಮೂಳೆ ಕೆಡೋದು ನಿಜ. ಒಂದು ಲೀಟರ್ ಕುಡಿಯೋ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಅನ್ನುತ್ತೆ ನಮ್ಮ ದೇಶದ ಮಾನದಂಡ. ನಮ್ಮ ಕಡೆ ನೆಲ ಗಟ್ಟಿ ಬಂಡೆ, ಮಳೆ ಕಡಿಮೆ. ಬೋರು ಆಳಕ್ಕೆ ಇಳಿದ ಕಡೆ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡ್ ಹೀರಿಕೊಂಡು ಬರುತ್ತೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಅದೇ ಬೋರಿನ ಕೆಳಗೆ ಕೊಡ ಇಡ್ತಾರೆ.

ಆ ಕೆಂಪು ದ್ರಾವಣ ಮುಗಿದು ತಿಂಗಳುಗಳಾದವು. ಬೇಡಿಕೆ ಪತ್ರ ಕೊಟ್ಟಿದ್ದೀನಿ, ನೆನಪಿನ ಓಲೆ ಕೊಟ್ಟಿದ್ದೀನಿ. ಬಾಟಲಿಗಳು ಶೆಲ್ಫಿನಲ್ಲಿ ಕೂತಿವೆ. ಆ ಕಡೆ ಪರದೆ ಮೇಲೆ ಸಂಶೋಧನಾ ಉತ್ಕೃಷ್ಟತಾ ಕೇಂದ್ರ.

ಇದರಲ್ಲಿ ನನ್ನ ಸ್ವಂತದ್ದೂ ಇದೆ. ಫೋಟೋಗಳಲ್ಲಿ ನೀನು ಯಾಕೆ ಯಾವಾಗಲೂ ತುಟಿ ಮುಚ್ಚಿ ನಗ್ತೀಯ ಅಂತ ಇಲ್ಲಿ ಕೆಲವರು ಕೇಳಿದ್ದೀರಿ. ನಾನು ಚಳ್ಳಕೆರೆ ಸೀಮೆಯ ನೀರು ಕುಡಿದು ಬೆಳೆದವಳು. ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಡಿಗ್ರಿ ಮುಗಿಯೋವರೆಗೂ ಅದು ನಮ್ಮ ಮನೆತನದ ಹಲ್ಲು ಅಂತಲೇ ನಂಬಿದ್ದೆ, ಯಾಕಂದರೆ ಅಪ್ಪನಿಗೂ ಹಾಗೇ ಇತ್ತು, ಚಿಕ್ಕಪ್ಪನ ಮಕ್ಕಳಿಗೂ ಹಾಗೇ ಇತ್ತು. ಓದಿಸಿದ ಯಾರೂ ಅದು ನೀರಿನದು ಅಂತ ಹೇಳಲಿಲ್ಲ. ಈ ಸಿಟ್ಟು ಇವತ್ತಿನದಲ್ಲ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯೋ ನ್ಯಾಕ್‌ನವರು ಕೇಳ್ತಾರೆ, ಎಲ್ಲಾ ಇರಬೇಕು ಮೇಡಂ, ಗ್ರೇಡ್ ಬರದಿದ್ದರೆ ಅನುದಾನ ಬರಲ್ಲ ಅಂತ ಪಕ್ಕದಲ್ಲಿದ್ದವರು ಸಮಾಧಾನ ಹೇಳಿದರು. 2020ರ ಶಿಕ್ಷಣ ನೀತಿ, ಅದರ ಹಿಂದೆ 2024ರಲ್ಲಿ ಬಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾರ್ಗಸೂಚಿ, ಎಲ್ಲಾ ಸಂಸ್ಥೆಗಳೂ ಅಭಿವೃದ್ಧಿ ಯೋಜನೆ ಬರೀಬೇಕು ಅನ್ನೋದು ನನಗೂ ಗೊತ್ತು. ಅನುದಾನದ ಕಷ್ಟವೂ ಗೊತ್ತು. ಆದರೆ ಗ್ರೇಡ್ ಪದ್ಧತಿಯ ನ್ಯಾಕ್ ಕೈಪಿಡಿಯನ್ನ ಪೂರ್ತಿ ಓದಿ. ಏಳನೇ ಮಾನದಂಡದಲ್ಲಿ, ಸಂಸ್ಥೆಯ ಆದ್ಯತೆಗೆ ತಕ್ಕಂತೆ ಅದರದ್ದೇ ವಿಶಿಷ್ಟವಾದ ಒಂದು ಕ್ಷೇತ್ರದಲ್ಲಿ ಏನು ಮಾಡಿದ್ದೀರಿ ಅಂತ ಕೇಳಿದ್ದಾರೆ. ಒಂದೇ ಒಂದು ಕ್ಷೇತ್ರ. ಆ ಒಂದನ್ನ ಆರಿಸೋ ಧೈರ್ಯ ಮಾಡದೆ ಭಾರವನ್ನೆಲ್ಲಾ ನ್ಯಾಕ್ ಹೆಗಲಿಗೆ ಹಾಕಿದರೆ ನಾನು ಒಪ್ಪಲ್ಲ.

ಇನ್ನೊಬ್ಬರು, "ಬೋರ್‌ವೆಲ್ಲು, ಹಳ್ಳಿ ಅಂತ ಕೂತರೆ ನಾವು ಲೋಕಲ್ ಆಗಿಬಿಡ್ತೀವಿ, ಜಾಗತಿಕ ಮಟ್ಟದಲ್ಲಿ ಯೋಚನೆ ಮಾಡಬೇಕು" ಅಂದರು. ಈ ಮಾತಿಗೇ ನನಗೆ ಮೈ ಉರಿದಿದ್ದು. 2018ರಲ್ಲಿ ಬೆಳೆ ತಿನ್ನೋ ಅಮೆರಿಕ ಮೂಲದ ಸೈನಿಕ ಹುಳು ಇಂಡಿಯಾಕ್ಕೆ ಬಂದಿದೆ ಅಂತ ಮೊದಲು ಕಂಡುಹಿಡಿದಿದ್ದು ಎಲ್ಲಿ? ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು. ಅದನ್ನ ಏಷ್ಯಾದವರೆಲ್ಲಾ ಓದಿದರು. ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ. ಹೊಲಕ್ಕೆ ಹೋಗಿ ಸುಳಿ ಬಿಡಿಸಿ ನೋಡಿದವರಿಗೆ ಲೋಕವೇ ಕಿವಿಗೊಟ್ಟಿತು. ಒಡಂಬಡಿಕೆಗೆ ಸಹಿ ಹಾಕಿ ಫೋಟೋ ತೆಗೆಸಿಕೊಂಡಿದ್ದಕ್ಕಲ್ಲ.

ಚರಿತ್ರೆ ವಿಭಾಗದ ಮಾತೂ ಅಷ್ಟೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅವನ್ನ ಬೆಳಕಿಗೆ ತಂದರು, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದರು. ಈ ನೆಲ ಇಷ್ಟು ಹತ್ತಿರ ಇಟ್ಟುಕೊಂಡಿರೋ ನಮ್ಮ ಪಟ್ಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಹಿಂದಿನ ಯೋಜನೆ ಏನಾಯ್ತು ಅನ್ನೋದಕ್ಕೂ ಒಂದು ಸ್ಲೈಡ್ ಇರಲಿಲ್ಲ. ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆ ಪ್ರಕಾರ ಕುಲಪತಿಗಳ ಅವಧಿ ನಾಲ್ಕು ವರ್ಷ. ಯೋಜನೆ ಹತ್ತು ವರ್ಷದ್ದು. ಇವತ್ತು ಬರೆದ ಪಟ್ಟಿಗೆ ಮುಂದೆ ಉತ್ತರ ಹೇಳೋರು ಯಾರು ಅಂತ ಹೆಸರು ಹಾಕದಿದ್ದರೆ ಮುಂದಿನ ಸಭೆಯಲ್ಲೂ ಹೊಸ ಪಟ್ಟಿಯೇ ಬರುತ್ತೆ.

ಬರೀ ಬೈಯೋದು ನನಗೂ ಇಷ್ಟ ಇಲ್ಲ. ಹಾಗಾಗಿ ಸಲಹೆ ಅರ್ಜಿಯಲ್ಲಿ ಬರೆದು ಕೊಟ್ಟಿದ್ದನ್ನ ಇಲ್ಲೂ ಹಾಕ್ತೀನಿ. ಮೊದಲು ಖಾಲಿ ಇರೋ ಬೋಧಕ ಹುದ್ದೆಗಳು. ಅತಿಥಿ ಉಪನ್ಯಾಸಕರಿಗೆ ತಿಂಗಳು ತಿಂಗಳು ಸಂಬಳ ಕೊಡದೆ ಗುಣಮಟ್ಟದ ಮಾತು ಆಡಬಾರದು. ಆಮೇಲೆ ಲ್ಯಾಬಿನ ಖರ್ಚು, ರಾತ್ರಿ ಒಂಬತ್ತರವರೆಗೆ ಲೈಬ್ರರಿ. ಈಗ ಐದೂವರೆಗೆ ಬೀಗ ಬೀಳುತ್ತೆ, ಹಾಸ್ಟೆಲ್ ಮಕ್ಕಳು ಅರ್ಧ ಓದಿದ ಪುಸ್ತಕವನ್ನ ಮೇಜಿನ ಮೇಲೇ ಬಿಟ್ಟು ಏಳ್ತಾರೆ. ಸಂಶೋಧನೆಗೆ ಒಂದೇ ವಿಷಯ, ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಯ ನೀರು. ಕೆಮಿಸ್ಟ್ರಿ, ಭೂಗೋಳ, ಅರ್ಥಶಾಸ್ತ್ರ, ಸಮಾಜಕಾರ್ಯ ಎಲ್ಲರಿಗೂ ಅದರಲ್ಲಿ ಕೆಲಸ ಇದೆ.

ಬಿಡಬೇಕಾದ್ದನ್ನೂ ಬರೆದಿದ್ದೀನಿ: ಡ್ರೋನ್, ಬಯಲು ರಂಗಮಂದಿರ, ವಿದೇಶಿ ಒಡಂಬಡಿಕೆ. ಐದು ವರ್ಷ ಇವು ಬೇಡ. ಇದರಿಂದ ಕೆಲವರಿಗೆ ಬೇಜಾರಾಗುತ್ತೆ, ಆಗಲಿ.

ಕರಡಿನ ಮೇಲೆ ಆಕ್ಷೇಪಣೆಗೆ ಈ ತಿಂಗಳ ಕೊನೆಯವರೆಗೆ ಸಮಯ ಇದೆ. ಇಲ್ಲಿರೋ ನನ್ನ ಹಳೇ ವಿದ್ಯಾರ್ಥಿಗಳು, ಊರಲ್ಲಿರೋರು, ಮಕ್ಕಳನ್ನ ಓದಿಸ್ತಿರೋರು, ಒಂದೊಂದು ಪುಟ ಬರೆದು ಕಳಿಸಿ. ಏನು ಬೇಕು ಅನ್ನೋದರ ಜತೆಗೆ ಯಾವುದನ್ನ ಬಿಡಬೇಕು ಅನ್ನೋದನ್ನೂ ಬರೀರಿ. ಸ್ಪಾಡ್ನ್ಸ್ ದ್ರಾವಣ ಯಾರ ಲ್ಯಾಬಿನಲ್ಲಾದರೂ ಹೆಚ್ಚಿಗೆ ಇದ್ದರೆ ಇನ್‌ಬಾಕ್ಸಿಗೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.