ತಾರೀಖು ನೋಡಬೇಡಿ, ಕುರಿ ನೋಡಿ

"ಮೂರು ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಜಂತುಹುಳದ ಔಷಧಿ ಕುಡಿಸಿ" ಅಂತ ಕುರಿ ಸಾಕಣೆಯ ನಿಮ್ಮ ಬರಹದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ಮರಿ ಹಾಕುವ ಎರಡು ವಾರ ಮುಂಚಿನಿಂದ, ಹಾಕಿ 6-8 ವಾರದವರೆಗೆ ತಾಯಿಕುರಿಗೆ ಹುಳ ತಡೆಯುವ ಶಕ್ತಿ ಕುಗ್ಗಿರುತ್ತದೆ. ಹಿಕ್ಕೆಯಲ್ಲಿ ಹುಳದ ಮೊಟ್ಟೆ ಜಾಸ್ತಿ ಬೀಳುತ್ತದೆ, ಆ ಹಿಕ್ಕೆ ಬಿದ್ದ ಹುಲ್ಲನ್ನೇ ಆಮೇಲೆ ಮರಿಗಳು ಮೇಯುತ್ತವೆ. ಕಾಯಬೇಕಾದ್ದು ಆ ಹೊತ್ತನ್ನು, ಕ್ಯಾಲೆಂಡರನ್ನಲ್ಲ.

ನಮ್ಮ ಬಂಡೂರು ಕುರಿಗಳಿಗೆ ನಾನು ಕೆಳರೆಪ್ಪೆ ಬಿಡಿಸಿ ನೋಡುತ್ತೇನೆ. ಬಿಳುಚಿದ್ದರೆ ರಕ್ತ ಹೀರುವ ಹುಳದ ಅನುಮಾನ, ಅವಕ್ಕೆ ಮಾತ್ರ ಔಷಧಿ. ಸುಮ್ನೆ ಎಲ್ಲಕ್ಕೂ ಕುಡಿಸುತ್ತಾ ಹೋದರೆ ಔಷಧಿಗೆ ಬಗ್ಗದ ಹುಳಗಳೇ ಉಳಿದುಕೊಳ್ಳುತ್ತವೆ. ಮರಿ ಹಾಕುವ ಆ ದಿನಗಳಲ್ಲಿ ಶೇಂಗಾ ಹಿಂಡಿ ಒಂದು ಹಿಡಿ ಜಾಸ್ತಿ ಹಾಕಿ, ಪ್ರೋಟೀನ್ ಸಿಕ್ಕರೆ ಕುರಿಗೆ ಹುಳ ತಡೆಯುವ ಶಕ್ತಿ ಹೆಚ್ಚುತ್ತದೆ.

ಇನ್ನೊಂದು, ಗಬ್ಬದ ಮೊದಲ ತಿಂಗಳು ಆಲ್ಬೆಂಡಜೋಲ್ ಅನ್ನೋ ಜಂತುಹುಳದ ಔಷಧಿ ಕೊಡಬಾರದು ಅಲ್ವಾ? ಅದನ್ನೇ ಬರೆಯದೆ ಬಿಟ್ಟಿದ್ದೀರಲ್ಲ!