ಮಗುವಿನ ಭೇಟಿ, ಜೀವನಾಂಶ: ಎರಡೂ ಮಧ್ಯಸ್ಥಿಕೆಯಲ್ಲೇ ಇತ್ಯರ್ಥವಾಗಬೇಕೆ?

ಪರ

ಬೇರೆಯಾಗುತ್ತಿರುವ ಗಂಡ ಹೆಂಡತಿಯ ನಡುವೆ ಮೊದಲು ರಾಜಿಗೆ ಪ್ರಯತ್ನಿಸಿ ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 9ನೇ ಕಲಮೇ ನ್ಯಾಯಾಧೀಶರಿಗೆ ಹೇಳುತ್ತದೆ. ಬೆಂಗಳೂರಿನಲ್ಲಿ 2007ರಿಂದ ಅದಕ್ಕೆಂದೇ ಮಧ್ಯಸ್ಥಿಕೆ ಕೇಂದ್ರವಿದೆ.

ಭೇಟಿಯ ವಿಷಯದಲ್ಲಂತೂ ಮಾತುಕತೆಗೆ ಸಾಟಿಯಿಲ್ಲ. ವಾಯಿದೆಗಳ ಗದ್ದಲದಲ್ಲಿ ಹುಟ್ಟುವ ಆದೇಶ ಎಷ್ಟೋ ಸಲ ‘ಎರಡನೇ, ನಾಲ್ಕನೇ ಶನಿವಾರ’ ಎನ್ನುವಲ್ಲಿಗೆ ಮುಗಿಯುತ್ತದೆ. ಆ ಶನಿವಾರ ಶಾಲೆ ಇದ್ದರೆ? ಕರೆದುಕೊಂಡು ಹೋಗುವವರು ಯಾರು, ಎಷ್ಟು ಗಂಟೆಗೆ ವಾಪಸ್ ಬಿಡಬೇಕು? ದಸರಾ ರಜೆಯ ಮೊದಲರ್ಧ ಯಾರಿಗೆ? ಜ್ವರ ಬಂದು ತಪ್ಪಿದ ಭೇಟಿಗೆ ಬದಲಿ ದಿನ ಯಾವುದು, ವಿಡಿಯೊ ಕರೆ ಎಷ್ಟು ಹೊತ್ತಿಗೆ? ಇದನ್ನೆಲ್ಲ ಕೂತು ಬರೆಯಲು ಮಧ್ಯಸ್ಥಿಕೆಯಲ್ಲಿ ಪುರಸೊತ್ತಿದೆ. ‘ಪರಸ್ಪರ ಅನುಕೂಲ ನೋಡಿಕೊಂಡು’ ಎಂಬ ಮಾತನ್ನು ಮಾತ್ರ ಒಪ್ಪಂದದಲ್ಲಿ ಎಲ್ಲೂ ಸೇರಿಸಬಾರದು. ಮುಂದಿನ ಜಗಳ ಅಲ್ಲಿಂದಲೇ ಶುರುವಾಗುತ್ತದೆ.

ಹಣದ ಮಾತೂ ಅಲ್ಲೇ ಮುಗಿಯಲಿ. ಇಡಿಗಂಟೋ ತಿಂಗಳ ಕಂತೋ, ವರ್ಷಕ್ಕೆ ಎಷ್ಟು ಏರಿಕೆ, ಶುಲ್ಕ ನೇರ ಶಾಲೆಗೇ ಕಟ್ಟುವುದೋ ಎಂಬುದನ್ನೆಲ್ಲ ಬರೆದುಕೊಳ್ಳಬಹುದು. ಒಪ್ಪಂದ ನ್ಯಾಯಾಲಯಕ್ಕೆ ಹೋಗಿ ರಾಜಿ ಡಿಕ್ರಿಯಾದರೆ (ಇಬ್ಬರ ಒಪ್ಪಿಗೆಯ ಮೇಲಿನ ತೀರ್ಪು) ಅದೇ ಕಾಯ್ದೆಯ 19(2)ನೇ ಕಲಮಿನಂತೆ ಮೇಲ್ಮನವಿಯೂ ಇಲ್ಲ, ವ್ಯಾಜ್ಯ ನಿಜವಾಗಿ ಮುಗಿಯಿತು. ಬಲವಿಲ್ಲದವರ ಮೇಲೆ ಒತ್ತಡ ಬೀಳುತ್ತದೆ ಎಂಬ ಆಕ್ಷೇಪವಿದೆ. ಮಧ್ಯಸ್ಥಗಾರರು ತರಬೇತಿ ಪಡೆದವರು, ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು.

ವಿರೋಧ

ಮಗುವನ್ನೂ ಹಣವನ್ನೂ ಒಂದೇ ಮೇಜಿನ ಮೇಲಿಟ್ಟರೆ ಚೌಕಾಸಿ ಶುರುವಾಗುತ್ತದೆ. ‘ಇಷ್ಟಕ್ಕೆ ಒಪ್ಪಿಕೋ, ಸುಪರ್ದಿ ಕೇಳುವುದಿಲ್ಲ’ ಎನ್ನುತ್ತದೆ ಒಂದು ಕಡೆ. ‘ಬಾಕಿ ಕಟ್ಟು, ಆಮೇಲೆ ಮಗುವನ್ನು ನೋಡು’ ಎನ್ನುತ್ತದೆ ಇನ್ನೊಂದು. ಕಾನೂನು ಇವೆರಡನ್ನೂ ಗಂಟು ಹಾಕಿಲ್ಲ. ಜೀವನಾಂಶ ಬಾಕಿಯಿದೆ ಎಂದು ಭೇಟಿ ತಡೆಯುವಂತಿಲ್ಲ, ಭೇಟಿ ಸಿಗಲಿಲ್ಲ ಎಂದು ಜೀವನಾಂಶ ನಿಲ್ಲಿಸುವಂತಿಲ್ಲ. ಮಗುವಿನ ಜೀವನಾಂಶ ಮಗುವಿನದೇ ಹಕ್ಕು; ತಾಯಿ ಬಿಟ್ಟುಕೊಟ್ಟೆನೆಂದು ಸಹಿ ಹಾಕಿದರೂ ಅದು ಹೋಗುವುದಿಲ್ಲ. ರಾಜಿ ರಾಜಿ ಎನ್ನುವವರಿಗೆ ಕಡತ ಮುಚ್ಚುವುದೊಂದೇ ಬೇಕು.

ಮೊದಲು ಆದಾಯ ಬಯಲಾಗಬೇಕು. ರಜ್ನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಇದಕ್ಕೆ ದಾರಿ ಹಾಕಿಕೊಟ್ಟಿದೆ. ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಎದುರುದಾರರಿಗೆ ಹೆಚ್ಚೆಂದರೆ 4 ವಾರ. ಎಳೆದಾಡಿದರೆ ಅವರ ಪ್ರತಿವಾದವನ್ನೇ ತೆಗೆದುಹಾಕಬಹುದು. ಮಧ್ಯಂತರ ಅರ್ಜಿ, ಅಂದರೆ ಅಂತಿಮ ತೀರ್ಪಿನವರೆಗೆ ತಾತ್ಕಾಲಿಕ ಜೀವನಾಂಶ ಕೇಳುವ ಅರ್ಜಿ, ಆಮೇಲೆ ಹೆಚ್ಚೆಂದರೆ 4ರಿಂದ 6 ತಿಂಗಳೊಳಗೆ ತೀರ್ಮಾನವಾಗಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹಾಗಾಗಿ ಮಾತುಕತೆ ಮುಗಿಯಲಿ ಎಂದು ಅರ್ಜಿ ತಡಮಾಡಿದಷ್ಟು ತಿಂಗಳ ಹಣ ಹೋದಂತೆಯೇ.

ಆದಾಯ ಮುಚ್ಚಿಡುವ ದಾರಿಗಳು ಬಹಳ. ದಾವೆ ಶುರುವಾದ ಮೇಲೆ ಹೊಸ ಸಾಲ ತೆಗೆದು ಕಂತು ತೋರಿಸುವುದು, ಭವಿಷ್ಯ ನಿಧಿಗೆ ಸ್ವಇಚ್ಛೆಯ ಕಡಿತ ಏರಿಸಿ ಕೈಗೆ ಬರುವ ಸಂಬಳ ತಗ್ಗಿಸುವುದು, ವ್ಯಾಪಾರ ತಮ್ಮನ ಹೆಸರಿಗೆ ಮಾಡುವುದು. ಇವು ಬಯಲಾಗುವುದು ಕ್ರೆಡಿಟ್ ಕಾರ್ಡ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆಗಳನ್ನು ಪ್ರಮಾಣಪತ್ರದ ಪಕ್ಕ ಇಟ್ಟು ಪಾಟೀಸವಾಲು ಮಾಡಿದಾಗ. ಮಧ್ಯಸ್ಥಿಕೆಯಲ್ಲಿ ಪಾಟೀಸವಾಲಿಲ್ಲ. ಅಲ್ಲಿ ಆಡಿದ ಮಾತು ಗೋಪ್ಯ. ‘ನನಗೆ ಇಷ್ಟು ಬರುತ್ತದೆ’ ಎಂದು ಅಲ್ಲಿ ಒಪ್ಪಿಕೊಂಡದ್ದನ್ನು ಆಮೇಲೆ ಸಾಕ್ಷ್ಯವಾಗಿ ತರಲಾಗದು. ಕತ್ತಲೆಯಲ್ಲಿ ಒಪ್ಪಿದ ಮೊತ್ತಕ್ಕೆ ಮೇಲ್ಮನವಿಯೂ ಇಲ್ಲವೆಂದರೆ ಅದನ್ನು ಲಾಭ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎದ್ದು ಬರಬಹುದು ಎನ್ನುತ್ತಾರೆ. ಮುಂದಿನ ತಿಂಗಳ ಬಾಡಿಗೆಗೆ ದುಡ್ಡಿಲ್ಲದವಳು ಎದ್ದು ಬರಲಾರಳು, ಸಹಿ ಹಾಕುತ್ತಾಳೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಜೀವನಾಂಶದ 144ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125) ಕೋರ್ಟ್ ಹೇಳಿದ ಆ ತಿಂಗಳುಗಳಿಗಿಂತಲೂ ಬೇಗ, ಮಧ್ಯಂತರ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟೂ ಮುಗಿಸಬೇಕೆನ್ನುವುದು ಇಂಥವಳಿಗಾಗಿಯೇ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟ್, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ. ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ವಾರಂಟಿನ ದಾರಿ ಮುಚ್ಚಿಹೋಗುತ್ತದೆ. ‘ಇನ್ನೊಂದು ಸಲ ಮಾತಾಡೋಣ’ ಎನ್ನುತ್ತಲೇ ಈ ಗಡುವನ್ನು ಕಳೆದುಕೊಳ್ಳುವವರಿದ್ದಾರೆ.

ಇಬ್ಬರ ಪ್ರಮಾಣಪತ್ರ ಕಡತ ಸೇರಿ, ಮಧ್ಯಂತರ ಆದೇಶ ಕೈಗೆ ಬಂದ ಮೇಲೆ ಭೇಟಿಯ ವೇಳಾಪಟ್ಟಿಗಷ್ಟೇ ಮಧ್ಯಸ್ಥಿಕೆಗೆ ಹೋಗಲಿ. ಹಣದ ಅರ್ಜಿ ನ್ಯಾಯಾಧೀಶರ ಮುಂದೆಯೇ ಇರಲಿ.